ಕರೆದಲ್ಲೇ ಮನೆಯೆಂದುಕೊಂಡ ಪ್ರೋಗ್ರಾಮು

ಕಲಬುರಗಿಯಲ್ಲಿ ಯಾರಿಗೂ ಸ್ವಂತ ಮನೆ ಇಲ್ಲ. ಗಾಬರಿಯಾಗಬೇಡಿ, ಮನೆಗಳು ಬೇಕಾದಷ್ಟಿವೆ, ಒಡೆಯರು ಮಾತ್ರ ಸಿಗುವುದಿಲ್ಲ. ಬೇಕಾದರೆ ಯಾರ ಮನೆಗಾದರೂ ಹೋಗಿ, ಫರ್ಸಿಕಲ್ಲು ಹಾಸಿದ ಪಡಸಾಲೆಯಲ್ಲಿ ಕುಳಿತು, ಸುತ್ತ ಒಮ್ಮೆ ಕಣ್ಣಾಡಿಸಿ, "ಭಾಳ ಛಂದ ಅದ ರೀ ಮನಿ" ಎಂದು ನೋಡಿ. ಒಡೆಯನಾದವನು ಎದೆಯ ಮೇಲೆ ಕೈಯಿಟ್ಟು, ಸ್ವಲ್ಪ ಬಾಗಿ, "ನಿಮ್ದೇ ಮನಿ ರೀ" ಎನ್ನುತ್ತಾನೆ. ಅದೇ ಮಾತನ್ನು ಉರ್ದು ಆಡುವ ಮೋಮಿನಪುರದ ಓಣಿಯಲ್ಲಿ ಆಡಿದರೆ "ಆಪ್ ಹೀ ಕಾ ಘರ್ ಹೈ" ಎಂಬ ಉತ್ತರ ಬರುತ್ತದೆ. ಹೊಸ ಸ್ಕೂಟರ್ ಯಾರದೆಂದು ಕೇಳಿ, ನಿಮ್ಮದೇ. ಅಂಗಳದಲ್ಲಿ ಅಳುತ್ತಿರುವ ಕೂಸು ಯಾರದೆಂದು ಕೇಳಿ, ಅದೂ ನಿಮ್ಮದೇ! ಹೈದರಾಬಾದಿನ ಆಳ್ವಿಕೆ ಹೋಗಿ ಎಷ್ಟೋ ಕಾಲವಾಯಿತು, ಆದರೆ ಅದರ ಅದಬು ಇನ್ನೂ ನಮ್ಮ ನಾಲಗೆಯ ಮೇಲೆ ಕಾಲು ಚಾಚಿಕೊಂಡು ಕುಳಿತಿದೆ.

ಈ ಸಭ್ಯತೆಯ ದೆಸೆಯಿಂದ ನನ್ನ ಮದುವೆ ಇನ್ನೇನು ಮುರಿದೇ ಹೋಗುವುದರಲ್ಲಿತ್ತು. ಅದು ಹೇಗೆಂದು ಹೇಳಬೇಕಾದರೆ ನಡುವೆ ಸ್ವಲ್ಪ ಕಂಪ್ಯೂಟರಿನ ವಿಷಯ ಹೇಳಬೇಕಾಗುತ್ತದೆ. ದಯವಿಟ್ಟು ಪುಟ ಮಗುಚಬೇಡಿ. ಜೋಳದ ರೊಟ್ಟಿ ತಟ್ಟುವುದಕ್ಕಿಂತ ಇದು ಬಹಳ ಸುಲಭದ ವಿದ್ಯೆ. ರೊಟ್ಟಿ ತಟ್ಟಲು ನನಗೆ ಇವತ್ತಿಗೂ ಬರುವುದಿಲ್ಲ, ಇದು ಬರುತ್ತದೆ ಎಂಬುದೇ ಅದಕ್ಕೆ ಸಾಕ್ಷಿ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಕಲಬುರಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿಯಾಗಿದ್ದೆ. ಆಗ ತಾನೇ ಲಿನಕ್ಸ್‌ನ ಹುಚ್ಚು ಹಿಡಿದಿತ್ತು. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ಮೌಸ್ ಹಿಡಿದು ಚಿತ್ರಗಳ ಮೇಲೆ ಟಕಟಕ ಕುಟ್ಟುವವರನ್ನು ಕಂಡರೆ ಅಯ್ಯೋ ಪಾಪ ಎನಿಸುವ ವಯಸ್ಸು ನನ್ನದು. ಆ ಜೋಶಿನಲ್ಲಿ ನಾನೊಂದು ಪ್ರೋಗ್ರಾಮು ಬರೆದು ಪಾಠದ ಗಂಟೆಯ ನೆನಪಿಗೆ ಅದಕ್ಕೆ 'ಗಂಟಿ' ಎಂದು ಹೆಸರಿಟ್ಟೆ. ಗಂಟಿ ಎಂದು ಟೈಪು ಮಾಡಿ ಎಂಟರ್ ಒತ್ತಿದರೆ ಸಾಕು, ಈಗ ಯಾವ ಕೋಣೆಯಲ್ಲಿ ಯಾವ ಮೇಷ್ಟ್ರ ಪಾಠ ಎಂದು ಅದು ಒಂದೇ ಉಸಿರಿಗೆ ಹೇಳಿಬಿಡುತ್ತಿತ್ತು. ಚೊಚ್ಚಲ ಕೂಸಿನ ತೊದಲು ಮಾತನ್ನು ಬಂದವರಿಗೆಲ್ಲ ಕೇಳಿಸುವ ತಂದೆಯ ಹಾಗೆ, ಲ್ಯಾಬಿಗೆ ಬಂದವರಿಗೆಲ್ಲ ನಾನು ಗಂಟಿಯನ್ನು ಓಡಿಸಿ ತೋರಿಸುತ್ತಿದ್ದೆ. ಚಹಾ ತಂದವನೂ ನೋಡಿದ್ದಾನೆ.

ಈ ಗಂಟಿಯ ಸಂಸಾರ ನನ್ನ ಸ್ವಂತ ಡೈರೆಕ್ಟರಿಯಲ್ಲಿತ್ತು. ಡೈರೆಕ್ಟರಿ ಎಂದರೆ ಒಂದು ಮನೆ ಎಂದುಕೊಳ್ಳಿ. ಅದರೊಳಗೆ 'ಬಿನ್' ಎಂಬ ಕೋಣೆಯಲ್ಲಿ ಗಂಟಿಯ ವಾಸ. ಪಕ್ಕದ 'ಲಿಬ್' ಎಂಬ ಕೋಣೆಯಲ್ಲಿ ಅದರ ಸಾಮಾನು: ಮೇಷ್ಟ್ರುಗಳ ಹೆಸರು, ಕೋಣೆಗಳ ಹೆಸರು, ವೇಳಾಪಟ್ಟಿ. ಯಾರಾದರೂ ಎಬ್ಬಿಸಿದ ಕೂಡಲೇ ಗಂಟಿ ತನ್ನನ್ನು ತಾನೇ ಕೇಳಿಕೊಳ್ಳುತ್ತದೆ, ನಾನೆಲ್ಲಿದ್ದೇನೆ ಎಂದು. ಇದ್ದ ಕೋಣೆಯಿಂದ ಹೊರಬಂದು, ಪಕ್ಕದ ಕೋಣೆಗೆ ಹೋಗಿ, ಬೇಕಾದ್ದನ್ನು ಎತ್ತಿಕೊಳ್ಳುತ್ತದೆ. ಹಾಗೇಕೆ, ಪೂರ್ತಿ ವಿಳಾಸವನ್ನೇ ಅದರ ಹೊಟ್ಟೆಯಲ್ಲಿ ಬರೆದಿಡಬಾರದಿತ್ತೇ ಎನ್ನುತ್ತೀರಿ. ಬರೆದಿಡಬಹುದಿತ್ತು. ಆದರೆ ನಾಳೆ ಮನೆ ಬದಲಾಯಿಸಿದರೆ ಅದು ಹಳೆಯ ಮನೆಯ ಬಾಗಿಲು ಬಡಿಯುತ್ತ ನಿಲ್ಲುತ್ತದೆ. ನಿಂತ ಜಾಗವನ್ನು ನೋಡಿಕೊಂಡು ತನ್ನ ಸಾಮಾನು ತಾನೇ ಹುಡುಕಿಕೊಳ್ಳುವುದು ಬುದ್ಧಿವಂತರ ಲಕ್ಷಣ. ನಾನಂತೂ ಹಾಗೆಂದುಕೊಂಡು ಮೀಸೆಯಿಲ್ಲದ ಮೂತಿಯ ಮೇಲೆ ಮೀಸೆ ತಿರುವಿದ್ದೆ.

ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥರು, "ಎಲ್ಲಾರಿಗೂ ಸಿಗೂ ಹಂಗ ಮಾಡ್ರಿ, ಬರೇ ನಿಮ್ಮ ಮುಂದ ಕುಂತು ನೋಡಬೇಕೇನು?" ಎಂದರು. ನಾನು ಕಾಲೇಜಿನವರೆಲ್ಲ ಬಳಸುವ ಸಾರ್ವಜನಿಕ ಬಿನ್ ಕೋಣೆಯಲ್ಲಿ ಗಂಟಿಯ ಹೆಸರಿನ ಒಂದು ಲಿಂಕ್ ಇಟ್ಟೆ. ಲಿಂಕ್ ಎಂದರೆ ಮತ್ತೇನಲ್ಲ, ಬಾಗಿಲಿಗೆ ಅಂಟಿಸಿದ ಚೀಟಿ. 'ಗಂಟಿ ಇಲ್ಲಿಲ್ಲ, ಇಂಥಲ್ಲಿ ಇದೆ' ಎಂದು ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರು ಆ ಚೀಟಿ ಓದಿ, ನನ್ನ ಮನೆಗೇ ಬಂದು, ಅಸಲಿ ಗಂಟಿಯನ್ನೇ ಎಬ್ಬಿಸುತ್ತದೆ. ಅಲ್ಲಿಯ ತನಕ ಎಲ್ಲ ಸರಿ. ಎಚ್ಚರವಾದ ಗಂಟಿ ಎಂದಿನಂತೆ ನಾನೆಲ್ಲಿದ್ದೇನೆ ಎಂದು ಕೇಳುತ್ತದಲ್ಲ, ಆಗ ಅದಕ್ಕೆ ಸಿಗುವ ಉತ್ತರ ತಾನಿರುವ ಜಾಗದ್ದಲ್ಲ, ತನ್ನನ್ನು ಕರೆದ ಜಾಗದ್ದು. ಚೀಟಿ ಅಂಟಿಸಿದ ಬಾಗಿಲನ್ನೇ ತನ್ನ ಮನೆಯೆಂದುಕೊಂಡು, ಅಲ್ಲಿಂದ ಹೊರಬಂದು, ಪಕ್ಕದ ಸಾರ್ವಜನಿಕ ಲಿಬ್ ಕೋಣೆಗೆ ನುಗ್ಗುತ್ತದೆ.

ಅಲ್ಲಿ ಏನೂ ಇಲ್ಲದಿದ್ದರೆ ಚೆನ್ನಾಗಿತ್ತು. 'ನನ್ನ ಸಾಮಾನು ಸಿಗಲಿಲ್ಲ' ಎಂದು ಅದು ಬಾಯಿ ಬಡಿದುಕೊಳ್ಳುತ್ತಿತ್ತು, ನಾನು ಓಡಿ ಹೋಗಿ ನೋಡುತ್ತಿದ್ದೆ. ಗ್ರಹಚಾರಕ್ಕೆ ನನಗಿಂತ ಮೊದಲಿದ್ದ ಉಸ್ತುವಾರಿ ಅದೇ ಹೆಸರಿನ ತನ್ನ ಹಳೆಯ ವೇಳಾಪಟ್ಟಿಯನ್ನು ಆ ಕೋಣೆಯಲ್ಲಿ ಬಿಟ್ಟುಹೋಗಿದ್ದ. ನಮ್ಮ ಗಂಟಿ ಅದನ್ನೇ ಎತ್ತಿಕೊಂಡು, ಸ್ವಲ್ಪವೂ ಅನುಮಾನಪಡದೆ, ಠೀವಿಯಿಂದ ಘೋಷಣೆ ಮಾಡತೊಡಗಿತು. ಕೆಲಸ ಬಿಟ್ಟು ಬೀದರಿಗೆ ಹೋದ ಮೇಷ್ಟ್ರಿಗೆ ಗಣಿತದ ಪಾಠ ಕೊಟ್ಟಿತು. ಉಗ್ರಾಣವಾಗಿದ್ದ ಕೋಣೆಗೆ ಹುಡುಗರನ್ನು ಕಳಿಸಿತು. ಮುಖ್ಯಸ್ಥರು ಸ್ವತಃ ಟೈಪು ಮಾಡಿ ನೋಡಿ, ತಾವು ಎಂದೋ ಕೈಬಿಟ್ಟಿದ್ದ ವಿಷಯವೊಂದನ್ನು ಈಗಲೇ ಕಲಿಸಬೇಕೆಂದು ತಿಳಿದು, ಚಾಕ್‌ಪೀಸ್ ಹಿಡಿದು ಹೊರಟೇಬಿಟ್ಟರು. ಯಾವುದೋ ಬೇರೆ ತರಗತಿಯ ಹುಡುಗರು ಇಡೀ ಪಾಠವನ್ನು ತೆಪ್ಪಗೆ ಕುಳಿತು ಬರೆದುಕೊಂಡರಂತೆ. "ಭಾಳ ದಿನದ ಮ್ಯಾಲ ಕಲಿಸಿದೆ, ಮಜಾ ಬಂತು" ಎಂದು ಅವರು ನಗುತ್ತ ಬಂದದ್ದರಿಂದ ನನ್ನ ನೌಕರಿ ಉಳಿಯಿತು.

ನಾನು ತಲೆ ಕೆರೆದುಕೊಂಡು, ಕೆಲವು ಸಾಲು ಸೇರಿಸಿ ಗಂಟಿಗೆ ಬುದ್ಧಿ ಕಲಿಸಿದೆ. ಎದ್ದ ಕೂಡಲೇ ಸಾಮಾನಿಗೆ ಕೈಹಾಕಬೇಡ. ನಿನ್ನನ್ನು ಕರೆದ ಜಾಗ ಚೀಟಿಯೋ ಅಸಲಿ ಮನೆಯೋ ಮೊದಲು ನೋಡು. ಚೀಟಿಯಾಗಿದ್ದರೆ ಅದು ತೋರಿಸಿದಲ್ಲಿಗೆ ಹೋಗು. ಅಲ್ಲಿಯೂ ಚೀಟಿಯೇ ಇದ್ದರೆ ಮತ್ತೆ ಮುಂದಕ್ಕೆ ಹೋಗು. 'ಎಡಕ್ಕೆ ಮೂರನೆಯ ಬಾಗಿಲು' ಎಂದು ಚೀಟಿಯಲ್ಲಿದ್ದರೆ ಆ ಚೀಟಿ ಅಂಟಿಸಿದ ಜಾಗದಿಂದ ಎಣಿಸು, ನೀನು ನಿಂತ ಜಾಗದಿಂದಲ್ಲ. ಚೀಟಿಯಿಲ್ಲದ ಬಾಗಿಲು ಸಿಕ್ಕಾಗ ಅದು ನಿನ್ನ ಮನೆ, ಅದರ ಪಕ್ಕದ್ದು ನಿನ್ನ ಲಿಬ್. ಇಷ್ಟು ಹೇಳಿಕೊಟ್ಟ ಮೇಲೆ ಎಲ್ಲಿಂದ ಕರೆದರೂ ಗಂಟಿ ಸೀದಾ ತನ್ನ ಮನೆ ಹುಡುಕಿಕೊಳ್ಳತೊಡಗಿತು. ನನಗಾದ ಖುಷಿಗೆ ಲ್ಯಾಬಿನಲ್ಲಿ ಒಬ್ಬನೇ ಕುಣಿದೆ. ಅದೇ ವಾರದ ಭಾನುವಾರ ನಮ್ಮ 'ಮನೆ ನೋಡಲು' ಹುಡುಗಿಯ ಕಡೆಯವರು ಬರುವವರಿದ್ದರು.

ಈ ಶಾಸ್ತ್ರ ನಿಮಗೆ ಗೊತ್ತಿರಬಹುದು. ಹುಡುಗ ಹುಡುಗಿಯನ್ನು ನೋಡಿ ಒಪ್ಪಿದ ಮೇಲೆ ಹುಡುಗಿಯ ಕಡೆಯ ಹಿರಿಯರು ಹುಡುಗನ ಮನೆ ನೋಡಲು ಬರುತ್ತಾರೆ. ಮನೆ ಹಿಡಿಸಿದರೆ ಅಲ್ಲಿಯೇ ಬಾಯಿಗೆ ಸಕ್ಕರೆ ಹಾಕಿ ಮಾತು ಗಟ್ಟಿ ಮಾಡುತ್ತಾರೆ. ಸಕ್ಕರೆ ಬಾಯಿಗೆ ಬಿತ್ತೆಂದರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವುದು ಅವಮಾನ. ಹುಡುಗಿ ಕಮಲಾಪುರದವಳು, ಹೆಸರು ಸುವರ್ಣಾ. ನಾನು ಅವಳನ್ನು ನೋಡಿದ್ದು ಕಲಬುರಗಿಯಲ್ಲಿಯೇ, ಒಂದು ದೊಡ್ಡ ಮನೆಯಲ್ಲಿ. ತಟ್ಟೆ ತಂದಿಟ್ಟು, ತಲೆ ತಗ್ಗಿಸಿ ಕುಳಿತು, ಕೇಳಿದ್ದಕ್ಕೆಲ್ಲ "ಹೂಂ ರೀ" ಎಂದು ಎದ್ದು ಹೋಗಿದ್ದಳು. ಅಷ್ಟಕ್ಕೇ ನನಗೆ ಊಟ ಸೇರುತ್ತಿರಲಿಲ್ಲ. ಹೋಗುವಾಗ ಬಾಗಿಲ ಬಳಿ ಒಂದು ಕ್ಷಣ ತಲೆಯೆತ್ತಿ ನೋಡಿದಳಲ್ಲ, ಆ ನೋಟದ ಬಗ್ಗೆ ಬರೆಯಲು ಹೋದರೆ ಈ ಪ್ರಬಂಧ ಇವತ್ತಿಗೆ ಮುಗಿಯುವುದಿಲ್ಲ. ಈ ಸಂಬಂಧ ಕೂಡಿಬರಲೇಬೇಕು, ಬರದಿದ್ದರೆ ನನ್ನ ಗತಿಯೇನು ಎಂದು ದಿನವೂ ದೇವರಿಗೆ ಕೈಮುಗಿಯುತ್ತಿದ್ದೆ.

ಇನ್ನು ನನ್ನ ಮನೆ. ನಮ್ಮೂರು ಮಹಾಗಾಂವ. ಅಪ್ಪ ಜೋಳ, ತೊಗರಿ ಬೆಳೆಯುವ ಸಣ್ಣ ಒಕ್ಕಲಿನವರು. ಓದಿಗೆಂದು ಬಂದ ನಾನು ಕಲಬುರಗಿಯ ಶಹಾಬಜಾರದಲ್ಲಿದ್ದ ಸೋದರಮಾವ ಚನ್ನಬಸಪ್ಪನವರ ಮನೆಯಲ್ಲಿಯೇ ಉಳಿದಿದ್ದೆ. ಪತ್ರ ಬರುವುದು ಅಲ್ಲಿಗೆ, ಟೆಲಿಫೋನ್ ಬರುವುದು ಅಲ್ಲಿಗೆ. ಹೀಗಾಗಿ ಸಂಬಂಧ ತಂದವರು ಕಮಲಾಪುರದವರಿಗೆ ಕೊಟ್ಟದ್ದೂ ಅದೇ ವಿಳಾಸ. ಅವರು ಬರುತ್ತಾರೆಂದಾಗ ಅಪ್ಪ, "ನಮ್ಮ ಮನ್ಯಾಗ ನಾಕು ಕುರ್ಚಿ ಸುದ್ದ ಇಲ್ಲ, ಮಾವನ ಮನ್ಯಾಗೇ ಕೂಡೋಣು" ಎಂದರು. ಅಪ್ಪನ ತಲೆಯಲ್ಲಿದ್ದದ್ದು ಕುರ್ಚಿ ಮಾತ್ರ. ಮದುವೆಯಾದ ಮೇಲೆ ನಾನು ಮಹಾಗಾಂವದಲ್ಲೇ ಇರುವುದೆಂದು ನಮ್ಮಲ್ಲಿ ಮೊದಲೇ ಮಾತಾಗಿತ್ತು. ಮನೆ ಯಾವುದೆಂದು ಎಲ್ಲರಿಗೂ ಗೊತ್ತೇ ಇದೆ ಎಂದು ಎಲ್ಲರೂ ತಿಳಿದಿದ್ದರು.

ಅಪ್ಪ, ಅವ್ವ ಮೊದಲ ಬಸ್ಸಿಗೇ ಮಾವನ ಮನೆಗೆ ಬಂದಿದ್ದರು. ಭಾನುವಾರ ಮುಂಜಾನೆ ಸುವರ್ಣಾಳ ತಂದೆ ಸಿದ್ರಾಮಪ್ಪನವರೂ ಅವರ ಅಕ್ಕ ನಾಗಮ್ಮನವರೂ ಬಸ್ಸಿಳಿದು ಬಂದರು. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆ. ಸಿದ್ರಾಮಪ್ಪ ಮಾತು ಕಡಿಮೆಯ ಮನುಷ್ಯ. ತಮ್ಮನ ಪಾಲಿನ ಮಾತನ್ನೂ ನಾಗಮ್ಮನವರೇ ಆಡುತ್ತಿದ್ದರು. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ ಆಯಿತು. ನಾಗಮ್ಮ ಸುತ್ತ ನೋಡಿ, "ಭಾಳ ಛಂದ ಅದ ರೀ ಮನಿ" ಎಂದರು. ನಮ್ಮ ಮಾವ ಎದೆಯ ಮೇಲೆ ಕೈಯಿಟ್ಟು, ಬಾಗಿ, ತಲೆಮಾರುಗಳಿಂದ ಬಂದ ಉತ್ತರವನ್ನು ಕೊಟ್ಟರು: "ನಿಮ್ದೇ ಮನಿ ರೀ!"

ಅಷ್ಟು ಸಾಕಾಯಿತು. ನಾಗಮ್ಮ ಸೆರಗು ಬಿಗಿದು ಎದ್ದು ಮನೆಯ ಒಳಗೆಲ್ಲ ತಿರುಗಾಡತೊಡಗಿದರು. ನಾನು ಹಿಂದೆ ಹಿಂದೆ. ಫ್ರಿಜ್ಜಿನ ಬಾಗಿಲು ತೆಗೆದು ನೋಡಿ ತಂಪು ಮೋರೆಗೆ ಬಡಿದಾಗ ನಕ್ಕರು. ನಳ ತಿರುವಿದರು, ನೀರು ಬಂತು. "ಈ ಕಟ್ಟಿ ಮ್ಯಾಲ ನಮ್ಮ ಸುವರ್ಣಾ ನಿಂತು ರೊಟ್ಟಿ ಬಡೀತಾಳ. ಬಗ್ಗೂದೇ ಬ್ಯಾಡ" ಎಂದು ಅಡಿಗೆಕಟ್ಟೆಯನ್ನು ಅಂಗೈಯಿಂದ ಸವರಿದರು. ಅತ್ತೆಯ ಸೀರೆಗಳಿದ್ದ ಕಪಾಟನ್ನು ನೋಡಿ, "ಇದು ಅಕೀಗಿ ಸಾಕು" ಎಂದರು. ಅಯ್ಯೋ ದೇವರೇ, ಇದು ನಮ್ಮ ಗಂಟಿಯ ಕಥೆಯೇ ಅಲ್ಲವೇ! ಕರೆದ ಜಾಗವನ್ನು ಮನೆಯೆಂದು ತಿಳಿದು, ಪಕ್ಕದ ಕೋಣೆಗೆ ಹೋಗಿ, ಬೇರೆಯವರ ಸಾಮಾನು ಎತ್ತಿಕೊಳ್ಳುತ್ತಿದ್ದಾರೆ. ಏನೂ ಸಿಗದಿದ್ದರೆ ಕೇಳುತ್ತಿದ್ದರು. ಎಲ್ಲ ಸಿಗುತ್ತಿದೆ, ಅದೇ ಫಜೀತಿ.

ಪಡಸಾಲೆಗೆ ಬಂದ ನಾಗಮ್ಮ ತಮ್ಮನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಸಿದ್ರಾಮಪ್ಪ ಗಂಟಲು ಸರಿಪಡಿಸಿಕೊಂಡು, "ಹಂಗಾದ್ರ ಸಕ್ಕರಿ ತರಸ್ರಿ" ಎಂದರು. ಸಕ್ಕರೆಯ ಬಟ್ಟಲು ಬಂತು. ಸುಮ್ಮನಿದ್ದರೆ ಸುವರ್ಣಾ ನನ್ನವಳು. ಬಾಯಿಬಿಟ್ಟರೆ ಏನಾಗುತ್ತದೋ ಯಾರಿಗೆ ಗೊತ್ತು. ನಾಗಮ್ಮನವರ ಚಿಟಿಕೆ ನನ್ನ ತುಟಿಯ ಹತ್ತಿರ ಬಂದಿತ್ತು. ಸುವರ್ಣಾ ಮದುವೆಯಾಗಿ ಬಂದು, ಬಸ್ಸು ಮಹಾಗಾಂವ ಕ್ರಾಸಿನಲ್ಲೇ ನಿಂತಾಗ 'ಇಲ್ಲಿ ಯಾಕ ಇಳಿಬೇಕು?' ಎಂದು ಕೇಳುವ ಮುಖ ಕಣ್ಣಮುಂದೆ ಬಂದುಬಿಟ್ಟಿತು.

"ಈ ಮನಿ ನಮ್ಮದಲ್ಲ ರೀ!" ಎಂದು ಕೂಗಿಯೇಬಿಟ್ಟೆ. ಸಕ್ಕರೆ ನನ್ನ ಅಂಗಿಯ ಮೇಲೆ ಚೆಲ್ಲಿತು.

ಮೊದಲು ಪೆಟ್ಟು ಬಿದ್ದದ್ದು ಮಾವನಿಗೆ. "ಏನಂದ್ಯೋ? ನಿಂದಲ್ಲೇನು? ಹಂಗಾದ್ರ ಇಷ್ಟ ವರ್ಷ ಯಾರ ಮನ್ಯಾಗ ಉಂಡೀ?" ಎಂದರು. ನನಗೆ ಅಳುವೇ ಬಂತು. "ಮಾಮಾ, ನೀವು ನನಗ ಅಪ್ಪನ ಹಂಗೇ. ಆದ್ರ ಅಕಿ ಬಂದು ಇರೋ ಮನಿ ಇದಲ್ಲಲ್ಲ" ಎಂದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಳು. ಅಪ್ಪ ಖಾಲಿ ಚಹಾದ ಕಪ್ಪನ್ನು ಎತ್ತಿ ಕುಡಿದರು.

"ಮತ್ತ ನಿಮ್ಮ ಮನಿ ಎಲ್ಲಿ ಅದನೋ ತಮ್ಮಾ?" ಎಂದರು ನಾಗಮ್ಮ.

"ಮಹಾಗಾಂವದಾಗ ರೀ."

ನಾಗಮ್ಮ ತಮ್ಮನ ಕಡೆ ತಿರುಗಿದರು. "ಏ ಸಿದ್ರಾಮ, ಮುಂಜಾನಿ ನಾವು ಅದರ ಮುಂದಿಂದೇ ಬಂದೀವಲ್ಲೋ! ಕ್ರಾಸಿನ್ಯಾಗ ಬಸ್ಸ ನಿಂತಾಗ ನೀ ಇಳದು ಬೀಡಿ ಸೇದಿದೆಲ್ಲ!" ಎಂದು ಹಣೆಗೆ ಕೈಹೊಡೆದುಕೊಂಡರು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಏಳ್ರಿ. ಮನಿ ನೋಡಾಕ ಬಂದೀವಿ, ನೋಡೇ ಹೋಗ್ತೀವಿ" ಎಂದರು.

ಎಲ್ಲರೂ ಮಹಾಗಾಂವ, ಕಮಲಾಪುರದ ಮೇಲೆ ಹಾಯ್ದು ಹೋಗುವ ಹುಮನಾಬಾದ್ ಬಸ್ಸು ಹತ್ತಿದೆವು. ಮಾವನೂ ಬಿಡದೆ ಬಂದರು, ಮುನಿಸಿಕೊಂಡು ಕಿಟಕಿಯ ಹೊರಗೇ ನೋಡುತ್ತ. ನಮ್ಮ ಮನೆಗೆ ಯಾರೂ ಬರುವವರಿರಲಿಲ್ಲವಾದ್ದರಿಂದ ಮನೆ ತನ್ನ ಪಾಡಿಗೆ ತಾನಿತ್ತು. ಅಂಗಳದ ತುಂಬ ತೊಗರಿ ಕಟ್ಟಿಗೆಯ ರಾಶಿ, ಕಟ್ಟೆಯ ಮೇಲೆ ಒಣಹಾಕಿದ ಕೌದಿ, ಬಾಗಿಲಿಗೆ ಅಡ್ಡ ಮಲಗಿದ ಕರು. ಎರಡೇ ಕೋಣೆ, ಮೇಲೆ ತಗಡು. ಅವ್ವ ಬೀಗ ತೆಗೆದಳು. ನಾಗಮ್ಮ ಒಳಗೆ ಹೋಗಿ ಒಲೆ ನೋಡಿದರು, ನೀರಿನ ಕೊಡ ನೋಡಿದರು, ಜೋಳದ ಚೀಲದೊಳಗೆ ಕೈಯಿಳಿಸಿ ನೋಡಿದರು. ಸಿದ್ರಾಮಪ್ಪ ತಗಡನ್ನು ನೋಡಿದರು, ಮತ್ತೆ ನೋಡಿದರು. ಹೋಯಿತು, ಎಲ್ಲಾ ಹೋಯಿತು ಎಂದು ನಾನು ಕರುವಿನ ಪಕ್ಕ ಕುಕ್ಕುರಿಸಿದೆ.

ನಾಗಮ್ಮ ಹೊರಬಂದು ನನ್ನೆದುರು ನಿಂತರು. ಬೈಯುತ್ತಾರೆಂದು ಕಾದೆ. ಅವರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು.

"ತಮ್ಮಾ, ನೀ ಹುಡುಗೀನ ನೋಡಿದ್ದು ಯಾರ ಮನ್ಯಾಗ ಅಂತ ತಿಳದೀ?"

"ಶಹರದಾಗಿನ ನಿಮ್ಮ ಮನ್ಯಾಗಲ್ಲೇನ್ರಿ?"

"ನಮ್ಮ ಬೀಗರ ಮನಿ ಅದು! ಕಮಲಾಪುರದಾಗ ನಮ್ಮ ಮನ್ಯಾಗೂ ಕುರ್ಚಿ ಇಲ್ಲೋ ಯಪ್ಪಾ!"

ಅಂದರೆ ಅವಳೂ ಚೀಟಿ, ನಾನೂ ಚೀಟಿ. ಎರಡು ಚೀಟಿಗಳಿಗೆ ಮದುವೆ ಮಾಡಿಸಲು ಇಷ್ಟೊಂದು ಜನ ಸುಸಲಾ ತಿಂದಿದ್ದೆವು! ಮಾವ ಮುನಿಸು ಮರೆತು ಹೊಟ್ಟೆ ಹಿಡಿದು ನಕ್ಕರು. ತಗಡಿನಿಂದ ಕಣ್ಣು ಕೀಳದಿದ್ದ ಸಿದ್ರಾಮಪ್ಪ ಕೂಡ "ಹೆಹೆ" ಎಂದರು.

"ಹಂಗಾದ್ರ ಸಕ್ಕರಿ..." ಎಂದು ಅಪ್ಪ ಮೆಲ್ಲಗೆ ಶುರುಮಾಡಿದರು.

"ಸಕ್ಕರಿ ಆಮ್ಯಾಲ," ಎಂದರು ನಾಗಮ್ಮ, ನಗು ನಿಲ್ಲಿಸಿ. "ಶಹರದಾಗ ನಳ ಇರೋ ಮನಿ ಅಂತ ಹುಡುಗೀಗಿ ಹೇಳೀವಿ. ಈ ಮನಿಗಿ ಹೂಂ ಅನ್ನಬೇಕಾದಾಕಿ ಅಕಿ, ನಾ ಅಲ್ಲ. ನಡೀರಿ ಕಮಲಾಪುರಕ್ಕ."

ಬಿಸಿಲು ಇಳಿಯುವ ಹೊತ್ತಿಗೆ ಕಮಲಾಪುರದ ಆ ಮನೆಯ ಮುಂದೆ ನಿಂತಿದ್ದೆವು. ಸುವರ್ಣಾ ಅಂಗಳದಲ್ಲಿದ್ದಳು. ಕಟ್ಟು ಬಿಚ್ಚಿಕೊಂಡ ಎಮ್ಮೆಯನ್ನು ಗೂಟಕ್ಕೆ ಕಟ್ಟುತ್ತ, ಅದರ ಹಿಂದಿನ ತಲೆಮಾರುಗಳನ್ನೆಲ್ಲ ಹೆಸರಿಟ್ಟು ಬೈಯುತ್ತಿದ್ದಳು. "ಹೂಂ ರೀ" ಬಿಟ್ಟರೆ ಬೇರೆ ಮಾತಿಲ್ಲದ ಹುಡುಗಿ ಇವಳೇನಾ! ನಮ್ಮನ್ನು ಕಂಡವಳೇ ಹಗ್ಗ ಕೈಬಿಟ್ಟಳು, ಎಮ್ಮೆ ಮತ್ತೆ ಓಡಿತು. ಒಳಗಿನಿಂದ ಅವಳ ತಾಯಿ ಬಂದು ಬಾಗಿಲಿಗೆ ಒರಗಿ ನಿಂತರು. ಮಗಳನ್ನು ಶಹರಕ್ಕೆ ಕೊಡುವ ಮಾತು ಶುರುವಾದಾಗಿನಿಂದ ಆ ತಾಯಿ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ ಎಂದು ನಾಗಮ್ಮ ಬಸ್ಸಿನಲ್ಲಿ ಹೇಳಿದ್ದರು.

ನಾಗಮ್ಮ ಎಲ್ಲವನ್ನೂ ಹೇಳಿದರು. ಫ್ರಿಜ್ಜು ಇಲ್ಲ, ನಳ ಇಲ್ಲ, ನಿಂತು ರೊಟ್ಟಿ ಬಡಿಯುವ ಕಟ್ಟೆ ಇಲ್ಲ. ಎರಡು ಕೋಣೆ, ತಗಡು, ಒಂದು ಕರು. ಹುಡುಗ ಮದುವೆಯಾದ ಮೇಲೆ ಅಲ್ಲಿಂದಲೇ ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ನಾನು ನೆಲ ನೋಡುತ್ತ ನಿಂತಿದ್ದೆ. ತಟ್ಟೆ ತಂದ ದಿನ ಅವಳಿಗೂ ಹೀಗೇ ಆಗಿರಬೇಕೆಂದು ಆಗ ಹೊಳೆಯಿತು.

"ಯಾವೂರು ಅಂದ್ರಿ?" ಎಂದಳು ಸುವರ್ಣಾ.

"ಮಹಾಗಾಂವ."

"ಇಲ್ಲೇ ನಮ್ಮ ಮಹಾಗಾಂವ?"

"ಅದೇ."

ಅವಳು ಏನನ್ನೋ ಲೆಕ್ಕಹಾಕುವವಳಂತೆ ರಸ್ತೆಯ ಕಡೆ ನೋಡಿದಳು. ಇದ್ದಕ್ಕಿದ್ದಂತೆ ಅವಳ ಮುಖ ಅರಳಿತು. ನನ್ನನ್ನು ನೋಡಿಯಲ್ಲ, ಬಾಗಿಲಲ್ಲಿದ್ದ ತಾಯಿಯನ್ನು ನೋಡಿ.

"ಎವ್ವಾ! ಟೆಂಪೋದಾಗ ಕುಂತ್ರ ನಿನ್ನ ಚಹಾ ಕುದಿಯೂದ್ರಾಗ ಬರ್ತೀನಿ!"

ಆ ತಾಯಿ ಒಳಗೆ ಓಡಿದರು. ಸಕ್ಕರೆಯ ಡಬ್ಬಿ ಹುಡುಕುವ ತಾಳ್ಮೆ ಇರಲಿಲ್ಲವೆಂದು ಕಾಣುತ್ತದೆ, ಒಂದು ದೊಡ್ಡ ಬೆಲ್ಲದ ಹೆಂಟೆ ಹಿಡಿದು ಅಳುತ್ತ ನಗುತ್ತ ಬಂದು, ಕಣ್ಣು ಮಂಜಾಗಿ ಯಾರು ಏನೆಂದು ಕಾಣದೆ, ಎದುರಿಗೆ ಸಿಕ್ಕ ನಮ್ಮ ಮಾವನ ಬಾಯಿಗೇ ಅದನ್ನು ಇಡಿಯಾಗಿ ತುರುಕಿಬಿಟ್ಟರು. ಮಾವ ಬಾಯಿ ತುಂಬಿ ಮಾತಾಡಲಾರದೆ, ಎರಡೂ ಕೈಯಿಂದ ನನ್ನನ್ನು ಮುಂದಕ್ಕೆ ನೂಕಿದರು.